ಆಕಾಶಕ್ಕೆ ಒಡೆಯರುಂಟು, ಉತ್ತರಿಸುವವರಿಲ್ಲ

ಕುರಕುಂಭ, ಪುಣೆ ಜಿಲ್ಲೆ

ನಮ್ಮ ದೇಶದಲ್ಲಿ ವಿಮಾನ ಬಿದ್ದಾಗಲೆಲ್ಲ ಒಂದೇ ನಾಟಕ ಮರುಪ್ರದರ್ಶನಗೊಳ್ಳುತ್ತದೆ. ಮಂತ್ರಿಗಳು ಸ್ಥಳಕ್ಕೆ ಧಾವಿಸಿ ಕಂಬನಿ ಮಿಡಿಯುತ್ತಾರೆ. ಪರಿಹಾರದ ಮೊತ್ತ ಘೋಷಣೆಯಾಗುತ್ತದೆ. ತನಿಖೆಗೆ ಆದೇಶವಾಗುತ್ತದೆ. ತಿಂಗಳುಗಳು ಕಳೆದ ಮೇಲೆ, ಜನ ಮರೆತ ಹೊತ್ತಿನಲ್ಲಿ ವರದಿ ಹೊರಬರುತ್ತದೆ, ಮತ್ತು ಅದು ಸತ್ತುಹೋದ ಪೈಲಟ್‌ನತ್ತ ಬೆರಳು ಮಾಡುತ್ತದೆ. ಸತ್ತವನು ಎದ್ದುಬಂದು ಮರುವಾದ ಹೂಡಲಾರ. ಆ ವಿಮಾನಕ್ಕೆ, ಆ ಓಡುದಾರಿಗೆ, ಆ ಸಂಸ್ಥೆಗೆ ಅನುಮತಿಪತ್ರ ಬರೆದು ಸಹಿ ಹಾಕಿದ ಅಧಿಕಾರಿ ಯಾರು, ಆ ಅಧಿಕಾರಿಯ ಮೇಲಿದ್ದ ಮಂತ್ರಿ ಯಾರು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೂ ಉತ್ತರ ಕೊಡಬೇಕಾದ ಕಟ್ಟಳೆ ಯಾರಿಗೂ ಇಲ್ಲ.

ಇದನ್ನು ಕುರಕುಂಭದಲ್ಲಿ ಕುಳಿತು ಬರೆಯುವುದಕ್ಕೆ ಕಾರಣವಿದೆ. ಪುಣೆ–ಸೊಲ್ಲಾಪುರ ಹೆದ್ದಾರಿಯ ಪಕ್ಕದ ಈ ಊರು ಹೊರಗಿನವರಿಗೆ ಗೊತ್ತಿರುವುದು ರಾಸಾಯನಿಕ ಕಾರ್ಖಾನೆಗಳ ಕೈಗಾರಿಕಾ ವಸಾಹತಿನಿಂದ. ಇಲ್ಲಿಂದ ದಕ್ಷಿಣಕ್ಕೆ ಒಂದು ಗಂಟೆಯೊಳಗಿನ ದಾರಿಯಲ್ಲಿ ಬಾರಾಮತಿಯಿದೆ. ಅಲ್ಲಿ ಒಂದು ಸಣ್ಣ ವಿಮಾನ ನಿಲ್ದಾಣ, ಅದನ್ನು ಆಶ್ರಯಿಸಿದ ಪೈಲಟ್ ತರಬೇತಿ ಶಾಲೆಗಳು. ರಾಸಾಯನಿಕ ಕಾರ್ಖಾನೆ ಮತ್ತು ವಿಮಾನಶಾಲೆ ಎರಡೂ ಅಪಾಯದ ಉದ್ಯಮಗಳೇ. ಎರಡಕ್ಕೂ ಸರ್ಕಾರದ ಪರವಾನಗಿ ಬೇಕು, ಸರ್ಕಾರದ ತಪಾಸಣೆ ಬೇಕು. ಆದರೆ ಹೊಣೆಯ ವಿಷಯಕ್ಕೆ ಬಂದಾಗ ಈ ಎರಡರ ನಡುವೆ ಇರುವ ಅಂತರವನ್ನು ನೋಡಿದರೆ ನಮ್ಮ ವಿಮಾನಯಾನ ಆಡಳಿತದ ರೋಗ ಎಲ್ಲಿದೆ ಎಂಬುದು ತಾನೇ ತಿಳಿಯುತ್ತದೆ.

ಕಾರ್ಖಾನೆಯ ಮಾತನ್ನೇ ಮೊದಲು ನೋಡೋಣ. ದಶಕಗಳ ಕಾಲ ಈ ದೇಶದ ಕಾರ್ಖಾನೆಗಳನ್ನು ಆಳಿದ 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ ‘ಅಧಿಭೋಗದಾರ’ ಎಂಬ ಒಬ್ಬ ವ್ಯಕ್ತಿಯಿದ್ದ. ಕಾರ್ಖಾನೆಯ ಮೇಲೆ ಅಂತಿಮ ಹಿಡಿತ ಯಾರದೋ ಅವನೇ ಅಧಿಭೋಗದಾರ. ಭೋಪಾಲದ ದುರಂತದ ನಂತರ, 1987ರಲ್ಲಿ, ಕಾಯ್ದೆಗೆ ತಿದ್ದುಪಡಿ ಬಂದು ಕಂಪನಿಯ ನಿರ್ದೇಶಕರಲ್ಲಿ ಒಬ್ಬನನ್ನೇ ಅಧಿಭೋಗದಾರನೆಂದು ಪರಿಗಣಿಸಬೇಕೆಂದಾಯಿತು. ಕೆಳಗಿನ ಮೇಸ್ತ್ರಿಯನ್ನೋ ಪಾಳಿಯ ಎಂಜಿನಿಯರನ್ನೋ ಮುಂದೆ ತಳ್ಳಿ ಯಜಮಾನರು ಪಾರಾಗುವ ದಾರಿಯನ್ನು ಕಾನೂನು ಮುಚ್ಚಿತು. ಆಚರಣೆಯಲ್ಲಿ ಅದಕ್ಕೆ ನೂರು ಲೋಪಗಳಿವೆ, ಒಪ್ಪೋಣ. ಆದರೂ ತತ್ತ್ವ ಸ್ಪಷ್ಟ: ಅಪಾಯವಿರುವಲ್ಲಿ ಒಂದು ಹೆಸರಿರಬೇಕು, ಆ ಹೆಸರು ಮೇಲಿನದಾಗಿರಬೇಕು.

ಇನ್ನು ಬಾರಾಮತಿಯ ಆಕಾಶ. 2022ರ ಜುಲೈನಲ್ಲಿ ಇಲ್ಲಿಂದ ಹಾರಿದ ತರಬೇತಿ ವಿಮಾನವೊಂದು ಇಂದಾಪುರ ತಾಲ್ಲೂಕಿನ ಕಡಬನವಾಡಿಯ ಹೊಲದಲ್ಲಿ ಬಿದ್ದಿತು. 2023ರ ಅಕ್ಟೋಬರ್ 19ರಂದು ರೆಡ್‌ಬರ್ಡ್ ಎಂಬ ತರಬೇತಿ ಸಂಸ್ಥೆಯ ವಿಮಾನ ಬಾರಾಮತಿ ತಾಲ್ಲೂಕಿನ ಕಟಫಳದ ಬಳಿ ಬಿದ್ದಿತು. ಮೂರೇ ದಿನ ಕಳೆದು ಅಕ್ಟೋಬರ್ 22ರಂದು ಅದೇ ಸಂಸ್ಥೆಯ ಮತ್ತೊಂದು ವಿಮಾನ ಗೋಜುಬಾವಿಯ ಬಳಿ ಬಿದ್ದಿತು. ಅದಕ್ಕೂ ಮುಂಚೆ, ಮೇ 30ರಂದು, ಇದೇ ಸಂಸ್ಥೆಯ ವಿಮಾನ ನಮ್ಮ ಬೆಳಗಾವಿಯ ಸಾಂಬ್ರಾ ನಿಲ್ದಾಣದ ಸಮೀಪ ಹೊನ್ನಿಹಾಳದ ಹೊಲದಲ್ಲಿ ತುರ್ತಾಗಿ ಇಳಿದಿತ್ತು. ಆರು ತಿಂಗಳಲ್ಲಿ ಐದು ಘಟನೆಗಳಾದ ಮೇಲೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಎಲ್ಲರೂ ಡಿಜಿಸಿಎ ಎಂದು ಕರೆಯುವ ಆ ಇಲಾಖೆ, ಸಂಸ್ಥೆಯ ತರಬೇತಿ ಅನುಮತಿಯನ್ನು ಅಮಾನತಿನಲ್ಲಿಟ್ಟಿತು. ಇವುಗಳಲ್ಲಿ ಪ್ರಾಣಹಾನಿ ಆಗಲಿಲ್ಲ ಎಂಬುದು ಇಲ್ಲಿ ಯಾರ ಪುಣ್ಯವೋ, ಯಾರ ಕಾರ್ಯದಕ್ಷತೆಯಂತೂ ಅಲ್ಲ.

ಅಮಾನತು ಸರಿಯಾದ ಕ್ರಮವೇ. ಆದರೆ ಅದರ ಭಾರ ಯಾರ ಮೇಲೆ ಬಿತ್ತು ಎಂಬುದನ್ನು ಗಮನಿಸಿ. ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಅದಕ್ಕಾಗಿ ಮನೆ ಒತ್ತೆಯಿಟ್ಟು, ಬ್ಯಾಂಕಿನಲ್ಲಿ ಲಕ್ಷಾಂತರ ರೂಪಾಯಿ ಸಾಲ ಮಾಡಿ ಮಕ್ಕಳನ್ನು ಕಳುಹಿಸಿದ ತಂದೆತಾಯಿಯರಿದ್ದಾರೆ. ಬಾರಾಮತಿ, ಬೆಳಗಾವಿ, ಕಲಬುರಗಿಗಳಂಥ ಸಣ್ಣ ಊರುಗಳಲ್ಲಿ ಈ ಶಾಲೆಗಳು ತೆರೆದಾಗ ನಮ್ಮ ಮಧ್ಯಮವರ್ಗದ ಮನೆಗಳೂ ಆ ಕನಸನ್ನು ಕಂಡಿವೆ. ಅಮಾನತಾದ ದಿನದಿಂದ ಅವರ ಮಕ್ಕಳ ಗಂಟೆಗಳು ನಿಂತವು, ಬಡ್ಡಿ ನಿಲ್ಲಲಿಲ್ಲ. ಇಷ್ಟೂ ನೆಲೆಗಳಲ್ಲಿ ಒಂದರ ಹಿಂದೊಂದು ಶಾಲೆ ತೆರೆಯಲು ಒಪ್ಪಿಗೆ ಕೊಟ್ಟ ಇಲಾಖೆ ಯಾವುದು? ಇದೇ ಡಿಜಿಸಿಎ. ಮೊದಲನೆಯ ಘಟನೆಗೂ ಐದನೆಯದಕ್ಕೂ ನಡುವೆ ಅಲ್ಲಿಗೆ ಹೋಗಿ ವಿಮಾನಗಳ ನಿರ್ವಹಣೆಯನ್ನು ಪರೀಕ್ಷಿಸಬೇಕಾಗಿದ್ದವರು ಯಾರು? ಇದೇ ಡಿಜಿಸಿಎ. ತಾನು ಕೊಟ್ಟ ಅನುಮತಿಯನ್ನು ತಾನೇ ಹಿಂಪಡೆದು, ತಾನೇ ಕಟ್ಟುನಿಟ್ಟಿನವನೆಂದು ಬೆನ್ನು ತಟ್ಟಿಕೊಳ್ಳುವ ಈ ಇಲಾಖೆಯ ಒಳಗಿನ ಲೋಪವನ್ನು ಲೆಕ್ಕ ಹಾಕುವವರು ಯಾರೂ ಇಲ್ಲ.

ಅದೇ 2023ರ ನವೆಂಬರ್‌ನಲ್ಲಿ, ಹಿಂದೆ ಇದೇ ಇಲಾಖೆಯಲ್ಲಿ ಹಾರಾಟ ತರಬೇತಿ ವಿಭಾಗದ ಹೊಣೆ ಹೊತ್ತಿದ್ದ ಹಿರಿಯ ಅಧಿಕಾರಿಯೊಬ್ಬರನ್ನು ಭ್ರಷ್ಟಾಚಾರದ ಆರೋಪದ ಮೇಲೆ ಅಮಾನತು ಮಾಡಲಾಯಿತು. ತರಬೇತಿ ಸಂಸ್ಥೆಗಳಿಂದ ಅನುಚಿತ ಲಾಭ ಪಡೆದರೆಂಬುದು ದೂರು. ಆರೋಪ ಆರೋಪವೇ, ಅದನ್ನು ತೀರ್ಮಾನಿಸಬೇಕಾದದ್ದು ನ್ಯಾಯಾಲಯ. ನಮ್ಮ ಪ್ರಶ್ನೆ ಆ ಒಬ್ಬ ವ್ಯಕ್ತಿಯದಲ್ಲ. ಅನಾಮಧೇಯ ದೂರೊಂದು ಬರುವವರೆಗೆ ಇಲಾಖೆಯ ಒಳಗಣ ಕಣ್ಣುಗಳೆಲ್ಲ ಎತ್ತ ನೋಡುತ್ತಿದ್ದವು? 2011ರಲ್ಲಿ ನಕಲಿ ಅಂಕಪಟ್ಟಿಗಳ ಬಲದಿಂದ ಪೈಲಟ್ ಪರವಾನಗಿ ಪಡೆದವರ ಹಗರಣ ಬಯಲಾದಾಗಲೂ ಅದೇ ಇಲಾಖೆಯವರ ಬಂಧನವಾಗಿತ್ತು. ಹನ್ನೆರಡು ವರ್ಷಗಳ ನಂತರ ಮತ್ತೆ ಅದೇ ಬಾಗಿಲಿಗೆ ತನಿಖೆ ಬರಬೇಕಾಗುತ್ತದೆಂದರೆ, ಕೆಟ್ಟದ್ದು ಒಂದೆರಡು ಹಣ್ಣಲ್ಲ, ಬುಟ್ಟಿಯೇ.

ಬಾರಾಮತಿಯ ನಿಲ್ದಾಣದ ಚರಿತ್ರೆಯೂ ಹೊಣೆ ಹೇಗೆ ಚೂರುಚೂರಾಗಿ ಹಂಚಿಹೋಗುತ್ತದೆಂಬುದಕ್ಕೆ ಪಾಠದಂತಿದೆ. ಓಡುದಾರಿ ಹಾಕಿದ್ದು ರಾಜ್ಯದ ಕೈಗಾರಿಕಾಭಿವೃದ್ಧಿ ನಿಗಮ. 2009ರಲ್ಲಿ ಮಹಾರಾಷ್ಟ್ರ ಸರ್ಕಾರ ಲಾತೂರು, ನಾಂದೇಡಗಳಂಥ ಇತರ ನಿಲ್ದಾಣಗಳ ಜೊತೆಗೆ ಇದನ್ನೂ ಖಾಸಗಿ ಕಂಪನಿಗೆ ದೀರ್ಘಾವಧಿಯ ಗುತ್ತಿಗೆಗೆ ಕೊಟ್ಟಿತು. ಹಾರಾಟ ನಡೆಸುವವು ಖಾಸಗಿ ಶಾಲೆಗಳು. ಪರವಾನಗಿ ದಿಲ್ಲಿಯದು. ವಿಮಾನ ಬೀಳುವುದು ಮಾತ್ರ ಕಬ್ಬು ಬೆಳೆಯುವ ರೈತನ ಹೊಲದಲ್ಲಿ. ಆ ರೈತ ತಕರಾರು ಹೇಳಿಕೊಳ್ಳಬೇಕಾದರೆ ಯಾರ ಬಾಗಿಲು ತಟ್ಟಬೇಕು? ತಹಶೀಲ್ದಾರರು ಅದು ತಮ್ಮ ವ್ಯಾಪ್ತಿಯಲ್ಲವೆನ್ನುತ್ತಾರೆ, ಪೊಲೀಸರು ತನಿಖೆ ಡಿಜಿಸಿಎಯದೆನ್ನುತ್ತಾರೆ, ಡಿಜಿಸಿಎಯ ಬಾಗಿಲು ಈ ತಾಲ್ಲೂಕಿನಿಂದ ಸಾವಿರ ಮೈಲಿ ದೂರದಷ್ಟಿದೆ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಹೊಣೆ ಹಂಚಿದರೆ ಕೊನೆಗೆ ಯಾರ ಪಾಲಿಗೂ ಏನೂ ಉಳಿಯುವುದಿಲ್ಲ.

ಮಂಗಳೂರಿನಿಂದ ಕೋಯಿಕ್ಕೋಡ್‌ವರೆಗೆ

ಸಣ್ಣ ವಿಮಾನಗಳ ಮಾತು ಬಿಡಿ ಎನ್ನುವವರಿಗೆ ಮಂಗಳೂರನ್ನು ನೆನಪಿಸಬೇಕು. 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 812ನೇ ವಿಮಾನ ಬಜ್ಪೆಯ ಬೆಟ್ಟದ ನೆತ್ತಿಯ ಓಡುದಾರಿಯನ್ನು ದಾಟಿ ಕಣಿವೆಗೆ ಬಿದ್ದಿತು. ವಿಮಾನದಲ್ಲಿದ್ದ 166 ಜನರಲ್ಲಿ 158 ಮಂದಿ ತೀರಿಕೊಂಡರು. ಬದುಕಿದವರು ಎಂಟೇ ಜನ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳ ಊರೂರುಗಳಲ್ಲಿ ಒಂದೇ ದಿನ ಸಾವಿನ ಮನೆಗಳಾದವು. ಪರವೂರುಗಳಲ್ಲಿ ದುಡಿದು, ರಜೆಗೆ ಊರಿಗೆ ಹೊರಟವರು ಅವರು. ಆ ವಿಮಾನದಲ್ಲಿದ್ದವರು ಯಾವ ಬಗೆಯ ಜನ ಎಂಬುದನ್ನು ಊರು ಬಿಟ್ಟು ಬದುಕುತ್ತಿರುವ ಈ ಪತ್ರಿಕೆಯ ಓದುಗರಿಗೆ ಬೇರೆ ಹೇಳಬೇಕಾಗಿಲ್ಲ.

ನಿವೃತ್ತ ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ನೇತೃತ್ವದ ವಿಚಾರಣಾ ಮಂಡಳಿ ಕಂಡುಕೊಂಡದ್ದಿಷ್ಟು: ಕ್ಯಾಪ್ಟನ್ ಹಾರಾಟದ ಬಹುಭಾಗ ನಿದ್ರಿಸಿದ್ದರು, ಧ್ವನಿಮುದ್ರಿಕೆಯಲ್ಲಿ ಗೊರಕೆಯ ಸದ್ದಿತ್ತು. ವಿಮಾನ ತೀರಾ ಎತ್ತರದಲ್ಲಿ, ತೀರಾ ವೇಗದಲ್ಲಿ ಬರುತ್ತಿದೆ, ಮತ್ತೆ ಮೇಲೇರಿ ಸುತ್ತಿ ಬರೋಣವೆಂದು ಸಹಪೈಲಟ್ ಎಚ್ಚರಿಸಿದ್ದರೂ ಕ್ಯಾಪ್ಟನ್ ಕೇಳಲಿಲ್ಲ. ಇದು ನಿಜ, ಮತ್ತು ಗಂಭೀರ ತಪ್ಪು. ಆದರೆ ಅದೇ ವಿಮಾನದ ಬಲರೆಕ್ಕೆ ಓಡುದಾರಿಯ ಆಚೆ ನಿಂತಿದ್ದ ಐಎಲ್‌ಎಸ್ ಆಂಟೆನಾದ ಕಾಂಕ್ರೀಟ್ ಕಟ್ಟೆಗೆ ಬಡಿಯಿತೆಂಬುದೂ ಅಷ್ಟೇ ನಿಜ. ತಾಗಿದರೆ ಮುರಿದುಬೀಳುವಂತಿರಬೇಕಾದ ರಚನೆ ಗೋಡೆಯಂತೆ ನಿಂತಿತ್ತು. ಆ ಕಟ್ಟೆಗೆ ಒಪ್ಪಿಗೆ ಕೊಟ್ಟವರು ಯಾರು? ರಾತ್ರಿಯಿಡೀ ಹಾರಿ ಮುಂಜಾವಿನಲ್ಲಿ ಮೇಜಿನಂಥ ಗುಡ್ಡದ ಮೇಲೆ ಇಳಿಯುವ ಆ ವೇಳಾಪಟ್ಟಿಗೆ ಒಪ್ಪಿಗೆ ಕೊಟ್ಟವರು ಯಾರು? ಪೈಲಟ್‌ನ ಹೆಸರು ಇಡೀ ಜಗತ್ತಿಗೆ ಗೊತ್ತಾಯಿತು. ಕಡತಗಳ ಮೇಲಿನ ಹೆಸರುಗಳು ಕಡತಗಳಲ್ಲೇ ಉಳಿದವು.

ಮೃತರ ಕುಟುಂಬಗಳು ಆ ಬಳಿಕ ಅಲೆದ ದಾರಿಯನ್ನು ನೆನೆದರೆ ಮನಸ್ಸು ಕಲಕುತ್ತದೆ. ಕನಿಷ್ಠ ಪರಿಹಾರ ಎಷ್ಟಿರಬೇಕೆಂಬುದಕ್ಕೆ ಕೇರಳ ಹೈಕೋರ್ಟಿನಲ್ಲಿ ಹೋರಾಟ ನಡೆಯಿತು. ಏಕಸದಸ್ಯ ಪೀಠದಲ್ಲಿ ಗೆದ್ದದ್ದು ವಿಭಾಗೀಯ ಪೀಠದಲ್ಲಿ ಸೋತಿತು. ಒಂದು ಕುಟುಂಬಕ್ಕೆ 7.64 ಕೋಟಿ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿದ್ದು 2020ರ ಮಾರ್ಚ್‌ನಲ್ಲಿ, ಅಂದರೆ ದುರಂತ ನಡೆದು ಹತ್ತು ವರ್ಷ ತುಂಬುತ್ತ ಬಂದಾಗ. ಈ ಎಲ್ಲ ವ್ಯಾಜ್ಯಗಳಲ್ಲಿ ಎದುರಿಗೆ ನಿಂತದ್ದು ವಿಮಾನ ಕಂಪನಿ. ನಿಯಂತ್ರಕ ಸಂಸ್ಥೆ ಕಟಕಟೆಯ ಹತ್ತಿರವೂ ಸುಳಿಯಲಿಲ್ಲ.

ಮಂಗಳೂರಿನ ನಂತರ ಸರ್ಕಾರ ನಾಗರಿಕ ವಿಮಾನಯಾನ ಸುರಕ್ಷತಾ ಸಲಹಾ ಸಮಿತಿಯನ್ನು ರಚಿಸಿತು. ಅದರ ಸದಸ್ಯರಾಗಿದ್ದ ಕ್ಯಾಪ್ಟನ್ ಮೋಹನ್ ರಂಗನಾಥನ್ 2011ರಲ್ಲೇ ಕೋಯಿಕ್ಕೋಡಿನ ಗುಡ್ಡದ ಮೇಲಿನ ಓಡುದಾರಿ ಮಳೆಯಲ್ಲಿ ಅಪಾಯಕಾರಿಯೆಂದು ಬರೆದು ಎಚ್ಚರಿಸಿದರು. ಒಂಬತ್ತು ವರ್ಷಗಳ ನಂತರ, 2020ರ ಆಗಸ್ಟ್ 7ರ ಮಳೆಯ ಸಂಜೆ, ಅದೇ ಕಂಪನಿಯ ವಿಮಾನ ಅದೇ ಓಡುದಾರಿಯನ್ನು ದಾಟಿ ಬಿದ್ದು ಎರಡು ತುಂಡಾಯಿತು. ಇಬ್ಬರು ಪೈಲಟ್‌ಗಳೂ ಸೇರಿ 21 ಜನ ಸತ್ತರು. ವರದಿ ಮತ್ತೆ ಪೈಲಟ್‌ನ ಲೋಪವನ್ನೇ ಮುಖ್ಯ ಕಾರಣವೆಂದಿತು. ವ್ಯವಸ್ಥೆಯ ವೈಫಲ್ಯಗಳನ್ನೂ ಕಡೆಗಣಿಸಲಾಗದೆಂದು ಒಂದು ಮಾತು ಸೇರಿಸಿತು. ವ್ಯವಸ್ಥೆ ಎಂದರೆ ಯಾರು? ವ್ಯವಸ್ಥೆಗೆ ಮುಖವಿಲ್ಲ, ಪಿಂಚಣಿ ನಿಲ್ಲುವುದಿಲ್ಲ, ಬಡ್ತಿ ತಪ್ಪುವುದಿಲ್ಲ. ಎಚ್ಚರಿಕೆಯ ಪತ್ರ ಸಚಿವಾಲಯದ ಯಾವ ಮೇಜಿನಿಂದ ಯಾವ ಮೇಜಿಗೆ ಹೋಯಿತು, ಯಾವ ಮೇಜಿನಲ್ಲಿ ಮಲಗಿತು ಎಂಬುದನ್ನು ಹೇಳಬೇಕಾಗಿದ್ದವರು ‘ವ್ಯವಸ್ಥೆ’ ಎಂಬ ಪದದ ಹಿಂದೆ ಅಡಗಿ ಕುಳಿತರು.

ಆಳುವವನೇ ಅಳೆಯುವವನು

ರೋಗದ ಬೇರು ಇರುವುದು ರಚನೆಯಲ್ಲಿ. ನಿಯಮ ಮಾಡುವ ಡಿಜಿಸಿಎ ನಾಗರಿಕ ವಿಮಾನಯಾನ ಸಚಿವಾಲಯದ ಅಧೀನ. ಅಪಘಾತಗಳ ತನಿಖೆ ನಡೆಸಲು 2012ರಲ್ಲಿ ಹುಟ್ಟಿದ ವಿಮಾನ ಅಪಘಾತ ತನಿಖಾ ಬ್ಯೂರೋ ಕೂಡ ಅದೇ ಸಚಿವಾಲಯದ ಅಧೀನ. ಬಹುತೇಕ ನಿಲ್ದಾಣಗಳನ್ನೂ ಆಕಾಶದ ಸಂಚಾರ ನಿಯಂತ್ರಣವನ್ನೂ ನಡೆಸುವ ವಿಮಾನ ನಿಲ್ದಾಣ ಪ್ರಾಧಿಕಾರವೂ ಅದೇ ಸಚಿವಾಲಯದ್ದು. ಆಟಗಾರ, ತೀರ್ಪುಗಾರ, ಮೈದಾನದ ಮಾಲೀಕ ಮೂವರೂ ಒಂದೇ ಮನೆಯವರಾದರೆ ತೀರ್ಪು ಯಾರ ಪರವಾಗಿರುತ್ತದೆಂದು ಊಹಿಸಲು ಪಾಂಡಿತ್ಯ ಬೇಡ.

ಹಿಂದೆ ಹೀಗಿರಲಿಲ್ಲ. 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ಹೊರಗೆ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ವಿಮಾನ ಬಿದ್ದು 92 ಜನ ಸತ್ತಾಗ ವಿಚಾರಣೆ ನಡೆಸಿದವರು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರು. ಆ ಪದ್ಧತಿಯಲ್ಲಿ ನಿಧಾನವಿತ್ತು, ತಾಂತ್ರಿಕ ಪರಿಣತಿಯ ಕೊರತೆಯ ದೂರೂ ಇತ್ತು. ಆದರೆ ನ್ಯಾಯಮೂರ್ತಿಯೊಬ್ಬರು ಸಚಿವಾಲಯದ ನೌಕರರಾಗಿರಲಿಲ್ಲ. ಇಂದಿನ ಬ್ಯೂರೋದಲ್ಲಿ ಪರಿಣತಿ ಇರಬಹುದು, ಸ್ವಾತಂತ್ರ್ಯವಿಲ್ಲ.

ಅಮೆರಿಕದವರು ಈ ಪಾಠವನ್ನು ಅರ್ಧ ಶತಮಾನದ ಹಿಂದೆಯೇ ಕಲಿತರು. 1967ರಲ್ಲಿ ಸಾರಿಗೆ ಇಲಾಖೆಯ ಆಶ್ರಯದಲ್ಲಿ ಹುಟ್ಟಿದ ಅವರ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯನ್ನು 1974ರ ಕಾಯ್ದೆಯಿಂದ ಪೂರ್ತಿ ಬೇರ್ಪಡಿಸಿದರು. ತಾನು ಸೇರಿರುವ ಇಲಾಖೆಯ ತಪ್ಪನ್ನು ಯಾವ ಸಂಸ್ಥೆಯೂ ನೆಟ್ಟಗೆ ನೋಡಲಾರದೆಂಬ ಸಾಮಾನ್ಯ ವಿವೇಕ ಅದು. ನಮ್ಮಲ್ಲೂ ಅವಕಾಶ ಬಂದಿತ್ತು. ಡಿಜಿಸಿಎಯ ಸ್ಥಾನದಲ್ಲಿ ಸ್ವಾಯತ್ತ ನಾಗರಿಕ ವಿಮಾನಯಾನ ಪ್ರಾಧಿಕಾರವನ್ನು ತರುವ ಮಸೂದೆ 2013ರಲ್ಲಿ ಲೋಕಸಭೆಗೆ ಬಂದಿತು. ಮರುವರ್ಷ ಲೋಕಸಭೆಯ ಅವಧಿ ಮುಗಿದಾಗ ಮಸೂದೆಯೂ ಸತ್ತಿತು. ಅದೇ 2014ರ ಜನವರಿಯಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಭಾರತದ ಸುರಕ್ಷತಾ ದರ್ಜೆಯನ್ನು ಕೆಳಗಿಳಿಸಿತು; ಸಾಕಷ್ಟು ಅರ್ಹ ತಪಾಸಣಾಧಿಕಾರಿಗಳಿಲ್ಲ ಎಂಬುದು ಮುಖ್ಯ ಆಕ್ಷೇಪಗಳಲ್ಲೊಂದು. ದರ್ಜೆ ಮರಳಿ ಸಿಕ್ಕಿದ್ದು 2015ರ ಏಪ್ರಿಲ್‌ನಲ್ಲಿ. ದರ್ಜೆ ಸಿಕ್ಕಿತು, ಮಸೂದೆ ಮಾತ್ರ ಮತ್ತೆ ಹುಟ್ಟಲಿಲ್ಲ. ಆಗ ಅಧಿಕಾರದಲ್ಲಿದ್ದ ಪಕ್ಷ ಅದನ್ನು ಸಾಯಲು ಬಿಟ್ಟಿತು, ಆಮೇಲೆ ಬಂದ ಪಕ್ಷ ಅದನ್ನು ಎಬ್ಬಿಸಲಿಲ್ಲ. ಈ ಒಂದು ವಿಷಯದಲ್ಲಿ ಎರಡು ಬಣಗಳಿಗೂ ಅಪೂರ್ವ ಒಮ್ಮತ.

2020ರ ತಿದ್ದುಪಡಿ ಡಿಜಿಸಿಎಗೂ ತನಿಖಾ ಬ್ಯೂರೋಗೂ ಶಾಸನದ ಮಾನ್ಯತೆ ಕೊಟ್ಟಿತು, ದಂಡದ ಮಿತಿಯನ್ನು 10 ಲಕ್ಷದಿಂದ 1 ಕೋಟಿ ರೂಪಾಯಿಗೆ ಏರಿಸಿತು. 1934ರ ಹಳೆಯ ಕಾಯ್ದೆಯ ಜಾಗದಲ್ಲಿ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಜಾರಿಗೆ ಬಂದಿದೆ. ಹೆಸರು ಸಂಸ್ಕೃತವಾಯಿತು, ಸ್ವಭಾವ ಬದಲಾಗಲಿಲ್ಲ. ಈಗಲೂ ಈ ಸಂಸ್ಥೆಗಳ ಮೇಲ್ವಿಚಾರಣೆ ಕೇಂದ್ರ ಸರ್ಕಾರದ ಕೈಯಲ್ಲಿದೆ. ಡಿಜಿಸಿಎಯ ಮುಖ್ಯಸ್ಥರ ಕುರ್ಚಿ ಬಹುಮಟ್ಟಿಗೆ ಐಎಎಸ್ ಅಧಿಕಾರಿಗಳ ಪಾಲಿನದು: ನಿನ್ನೆ ಬೇರೊಂದು ಇಲಾಖೆ, ಇಂದು ವಿಮಾನ, ನಾಳೆ ಮತ್ತೊಂದು. ಇನ್ನು ಕೆಳಗಿನ ಹುದ್ದೆಗಳು? ಡಿಜಿಸಿಎಯ ಮಂಜೂರಾದ ಹುದ್ದೆಗಳಲ್ಲಿ ಅರ್ಧದಷ್ಟು ಖಾಲಿ ಬಿದ್ದಿವೆಯೆಂದು 2025ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯೇ ಎತ್ತಿ ತೋರಿಸಿತು. ವಿಮಾನಗಳ ಸಂಖ್ಯೆ ವರ್ಷವರ್ಷಕ್ಕೆ ಏರುತ್ತಿರುವಾಗ ನೋಡುವ ಕಣ್ಣುಗಳಲ್ಲಿ ಅರ್ಧ ಮುಚ್ಚಿವೆ. ಅವುಗಳನ್ನು ತುಂಬದೆ ಬಿಟ್ಟದ್ದೂ ಒಂದು ನಿರ್ಧಾರ, ಮತ್ತು ಆ ನಿರ್ಧಾರಕ್ಕೂ ಹೆಸರುಗಳಿವೆ.

ದಣಿವಿಗೆ ವಿನಾಯಿತಿ

ಮಂಗಳೂರಿನ ಕ್ಯಾಪ್ಟನ್‌ನ ನಿದ್ದೆಯ ಮಾತಿಗೆ ಮರಳೋಣ. ಪೈಲಟ್‌ಗಳ ದಣಿವನ್ನು ತಡೆಯಲು ಡಿಜಿಸಿಎ 2024ರ ಜನವರಿಯಲ್ಲಿ ಹೊಸ ನಿಯಮಗಳನ್ನು ಪ್ರಕಟಿಸಿತು. ವಾರದ ವಿಶ್ರಾಂತಿ 36 ಗಂಟೆಗಳಿಂದ 48 ಗಂಟೆಗಳಿಗೆ ಏರಬೇಕು. ರಾತ್ರಿಪಾಳಿಯಲ್ಲಿ ಇಳಿಸಬಹುದಾದ ವಿಮಾನಗಳ ಸಂಖ್ಯೆ ಆರರಿಂದ ಎರಡಕ್ಕೆ ಇಳಿಯಬೇಕು. ಒಳ್ಳೆಯ ನಿಯಮಗಳೇ. ಆದರೆ ವಿಮಾನ ಕಂಪನಿಗಳು ಅಸಮಾಧಾನಗೊಂಡವು, ಜಾರಿ ಮುಂದೂಡಲ್ಪಟ್ಟಿತು. ಪ್ರಕರಣ ದಿಲ್ಲಿ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ 2025ರ ಜುಲೈ 1 ಮತ್ತು ನವೆಂಬರ್ 1ರಂದು ಎರಡು ಹಂತಗಳಲ್ಲಿ ಜಾರಿಯಾಯಿತು.

ದೇಶದೊಳಗಿನ ವಿಮಾನ ಪ್ರಯಾಣಿಕರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿಯನ್ನು ಒಯ್ಯುವ ಇಂಡಿಗೋ ಸಂಸ್ಥೆಗೆ ಸಿದ್ಧತೆಗೆ ಸುಮಾರು ಎರಡು ವರ್ಷ ಸಿಕ್ಕಿತ್ತು. ಅದು ಸಿದ್ಧವಾಗಲಿಲ್ಲ. 2025ರ ಡಿಸೆಂಬರ್ ಮೊದಲ ವಾರದಲ್ಲಿ ಅದರ ವೇಳಾಪಟ್ಟಿ ಕುಸಿದುಬಿತ್ತು. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟಗಳು ರದ್ದಾದವು. ಬೆಂಗಳೂರು, ಪುಣೆ, ಮುಂಬಯಿ, ದಿಲ್ಲಿಗಳ ನಿಲ್ದಾಣಗಳಲ್ಲಿ ಮದುವೆಗೆ ಹೊರಟವರು, ಆಸ್ಪತ್ರೆಗೆ ಹೊರಟವರು, ಅಂತ್ಯಕ್ರಿಯೆಗೆ ಹೊರಟವರು ನೆಲದ ಮೇಲೆ ಮಲಗಿದರು. ಆಗ ನಿಯಂತ್ರಕ ಮಾಡಿದ್ದೇನು? ರಾತ್ರಿಪಾಳಿಯ ನಿಯಮಗಳಿಂದ ಅದೇ ಕಂಪನಿಗೆ ತಾತ್ಕಾಲಿಕ ವಿನಾಯಿತಿ ಕೊಟ್ಟಿತು. ವಾರದ ವಿಶ್ರಾಂತಿಯ ಬದಲು ರಜೆಯನ್ನು ಲೆಕ್ಕಕ್ಕೆ ಹಿಡಿಯಬಾರದೆಂಬ ನಿರ್ಬಂಧವನ್ನೂ ಹಿಂತೆಗೆದುಕೊಂಡಿತು. ನವೆಂಬರ್ 1ರಂದು ಅಪಾಯವಾಗಿದ್ದ ದಣಿವು ಡಿಸೆಂಬರ್ 5ರಂದು ಅಪಾಯವಲ್ಲವಾಯಿತು!

ಜನರ ಬವಣೆ ತಪ್ಪಿಸಲು ಬೇರೆ ದಾರಿಯಿರಲಿಲ್ಲ ಎಂದು ಸಮರ್ಥಕರು ಹೇಳಬಹುದು. ಇರಲಿ. ಆದರೆ ಆ ಸ್ಥಿತಿ ಬರುವವರೆಗೆ, ಕಂಪನಿಯ ಬಳಿ ಸಾಕಷ್ಟು ಪೈಲಟ್‌ಗಳಿಲ್ಲದಿದ್ದರೂ ಚಳಿಗಾಲದ ವೇಳಾಪಟ್ಟಿಗೆ ಒಪ್ಪಿಗೆಯ ಮುದ್ರೆ ಒತ್ತಿದವರು ಯಾರು? ಅದೂ ಡಿಜಿಸಿಎಯೇ. ಕೋಲಾಹಲ ತಣ್ಣಗಾಗುವಷ್ಟರಲ್ಲಿ ಆ ಕಂಪನಿಯನ್ನು ನೋಡಿಕೊಳ್ಳುತ್ತಿದ್ದ ನಾಲ್ವರು ತಪಾಸಣಾಧಿಕಾರಿಗಳನ್ನು ಕೆಲಸದಿಂದ ತೆಗೆದರು. ಕಾರ್ಖಾನೆಯಲ್ಲಿ ಮೇಸ್ತ್ರಿಯನ್ನು ಮುಂದೆ ತಳ್ಳಿದರೆ ನಾವು ಕಳ್ಳಾಟ ಎನ್ನುತ್ತೇವೆ. ಸರ್ಕಾರ ಅದನ್ನೇ ಮಾಡಿದರೆ ‘ಕಠಿಣ ಕ್ರಮ’ ಎಂದು ಸುದ್ದಿಯಾಗುತ್ತದೆ.

ಈ ಎಲ್ಲದರ ನಡುವೆ 2025ರ ಜೂನ್ 12 ಇದೆ. ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾದ 171ನೇ ವಿಮಾನ ವೈದ್ಯಕೀಯ ವಿದ್ಯಾರ್ಥಿಗಳ ವಸತಿಗೃಹದ ಮೇಲೆ ಬಿದ್ದು 260 ಜನ ಸತ್ತರು. ವಿಮಾನದಲ್ಲಿದ್ದ 242 ಜನರಲ್ಲಿ ಉಳಿದವರು ಒಬ್ಬರೇ. ಪ್ರಾಥಮಿಕ ವರದಿ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಹಾರಿದ ಕೆಲವೇ ಕ್ಷಣಗಳಲ್ಲಿ ಕಡಿತದ ಸ್ಥಿತಿಗೆ ಹೋದವೆಂದು ತಿಳಿಸಿ, ಪೈಲಟ್‌ಗಳ ನಡುವಿನ ಮಾತನ್ನು ಅರ್ಧಂಬರ್ಧ ಹೇಳಿ ನಿಂತಿತು. ಉಳಿದರ್ಧವನ್ನು ಊಹೆಗಳು ತುಂಬಿದವು. ಕೊನೆಗೆ ಕ್ಯಾಪ್ಟನ್‌ನ ವೃದ್ಧ ತಂದೆ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಮಗನ ಮೇಲೆ ಹೊರೆ ಹೊರಿಸಲಾಗದೆಂದು ನ್ಯಾಯಾಲಯವೇ ಅವರಿಗೆ ಸಮಾಧಾನ ಹೇಳಬೇಕಾಯಿತು. ಸತ್ಯ ಏನೇ ಇರಲಿ, ಅದನ್ನು ಹೇಳುವ ಬಾಯಿಯ ಮೇಲೆ ಜನಕ್ಕೆ ವಿಶ್ವಾಸವಿಲ್ಲದಿದ್ದರೆ ಸತ್ಯವೂ ವದಂತಿಯ ಪಟ್ಟಕ್ಕಿಳಿಯುತ್ತದೆ. ಸ್ವತಂತ್ರ ತನಿಖಾ ಸಂಸ್ಥೆ ಇಲ್ಲದಿರುವುದರ ನಿಜವಾದ ಬೆಲೆ ಇದು.

ಮೂರು ಆಕ್ಷೇಪಗಳು, ಮೂರು ಉತ್ತರಗಳು

ಮಂತ್ರಿಯೇನು ಬೋಲ್ಟು ಬಿಗಿಯುತ್ತಾನೆಯೆ ಎಂದು ಕೇಳುವವರಿದ್ದಾರೆ. ಇಲ್ಲ. 1956ರಲ್ಲಿ ಅರಿಯಲೂರಿನ ರೈಲು ದುರಂತದ ನಂತರ ರಾಜೀನಾಮೆ ಕೊಟ್ಟ ಲಾಲ್ ಬಹಾದೂರ್ ಶಾಸ್ತ್ರಿಗಳೂ ಹಳಿಯನ್ನು ತಾವೇ ಹಾಕಿರಲಿಲ್ಲ. 1993ರ ಜನವರಿಯಲ್ಲಿ ಗುತ್ತಿಗೆಗೆ ತಂದ ಉಜ್ಬೇಕಿಸ್ತಾನದ ವಿಮಾನ ದಿಲ್ಲಿಯಲ್ಲಿ ಉರುಳಿದಾಗ ಒಂದು ಜೀವವೂ ಹೋಗಲಿಲ್ಲ. ಆದರೂ ವಿಮಾನಯಾನ ಮಂತ್ರಿ ಮಾಧವರಾವ್ ಸಿಂಧಿಯಾ ಹುದ್ದೆ ಬಿಟ್ಟರು. ಅಪರಾಧ ಬೇರೆ, ಹೊಣೆ ಬೇರೆ ಎಂಬುದನ್ನು ಅವರು ಬಲ್ಲವರಾಗಿದ್ದರು. ಜೀವವೇ ಹೋಗದ ಅಪಘಾತಕ್ಕೆ ಅಂದು ಕುರ್ಚಿ ಖಾಲಿಯಾಯಿತು. ನೂರಾರು ಜೀವಗಳು ಹೋದ ಮೇಲೂ ಇಂದು ಕುರ್ಚಿ ಅಲ್ಲಾಡುವುದಿಲ್ಲ.

ಶಿಕ್ಷೆಯ ಭಯವಿದ್ದರೆ ತಪ್ಪನ್ನು ಮುಚ್ಚಿಡುತ್ತಾರೆ, ಹಾಗಾಗಿ ಯಾರನ್ನೂ ದೂಷಿಸಬಾರದು ಎಂಬುದು ಎರಡನೆಯ ಮಾತು. ಕಾಕ್‌ಪಿಟ್ಟಿನಲ್ಲಿ ಕುಳಿತವನ ಮಟ್ಟಿಗೆ ಇದು ಸರಿಯಾದ ತತ್ತ್ವ. ಆದರೆ ನಮ್ಮಲ್ಲಿ ಅದನ್ನು ತಲೆಕೆಳಗು ಮಾಡಿದ್ದೇವೆ: ಪೈಲಟ್‌ಗೆ ದೂಷಣೆ, ಅಧಿಕಾರಿಗೆ ಕ್ಷಮೆ. ಕ್ಷಣಾರ್ಧದಲ್ಲಿ ನಿರ್ಧಾರ ಮಾಡಬೇಕಾದವನಿಗೆ ಸಿಗಬೇಕಾದ ರಿಯಾಯಿತಿ, ಕಡತವನ್ನು ಒಂಬತ್ತು ವರ್ಷ ಮೇಜಿನಲ್ಲಿಟ್ಟವನಿಗೆ ಸಿಗುತ್ತಿದೆ.

ಭಾರತದಲ್ಲಿ ವಿಮಾನಯಾನ ರಸ್ತೆಗಿಂತ ಎಷ್ಟೋ ಸುರಕ್ಷಿತವಲ್ಲವೆ ಎಂಬುದು ಮೂರನೆಯದು. ಹೌದು, ಸುರಕ್ಷಿತವೇ. ಆದರೆ ಆ ಸುರಕ್ಷತೆಯ ದೊಡ್ಡ ಪಾಲು ಜಗತ್ತಿನ ನಿಯಮಗಳದು, ವಿಮಾನ ತಯಾರಕರದು, ದಿನನಿತ್ಯ ಎಚ್ಚರದಿಂದ ದುಡಿಯುವ ಎಂಜಿನಿಯರುಗಳದು ಮತ್ತು ಪೈಲಟ್‌ಗಳದು. ಅವರ ಜಾಗರೂಕತೆಯ ಫಲವನ್ನು ತನ್ನ ಸಾಧನೆಯೆಂದು ಬರೆದುಕೊಳ್ಳುವ ಇಲಾಖೆ, ಪ್ರಮಾದ ನಡೆದಾಗ ಅದನ್ನೂ ತನ್ನ ಖಾತೆಗೆ ಬರೆದುಕೊಳ್ಳಬೇಕಾಗುತ್ತದೆ. ಲಾಭದ ಪುಟಕ್ಕೆ ಮಾತ್ರ ಸಹಿ ಹಾಕುವ ಲೆಕ್ಕಿಗನನ್ನು ವ್ಯಾಪಾರಸ್ಥರಾದ ನಾವು ಒಂದು ದಿನವೂ ಅಂಗಡಿಯಲ್ಲಿಟ್ಟುಕೊಳ್ಳುವುದಿಲ್ಲ.

ಆಗಬೇಕಾದದ್ದು

ಬೇಡಿಕೆಗಳು ಹೊಸವಲ್ಲ. ತನಿಖಾ ಬ್ಯೂರೋವನ್ನು ಸಚಿವಾಲಯದಿಂದ ಬಿಡಿಸಿ ನೇರವಾಗಿ ಸಂಸತ್ತಿಗೆ ವರದಿ ಒಪ್ಪಿಸುವ ಸಂಸ್ಥೆಯನ್ನಾಗಿ ಮಾಡಬೇಕು. ಸತ್ತುಹೋದ 2013ರ ಮಸೂದೆಯ ಉದ್ದೇಶವನ್ನು ಮತ್ತೆ ಜೀವಂತಗೊಳಿಸಿ, ತನ್ನದೇ ಹಣಕಾಸು ಮತ್ತು ನೇಮಕಾತಿಯ ಅಧಿಕಾರವುಳ್ಳ ನಿಯಂತ್ರಕವನ್ನು ಕಟ್ಟಬೇಕು. ಅದರ ಮುಖ್ಯಸ್ಥರು ವಿಮಾನಯಾನ ಬಲ್ಲವರಾಗಿರಬೇಕು, ನಿಶ್ಚಿತ ಅವಧಿಯವರಾಗಿರಬೇಕು. ಪ್ರತಿಯೊಂದು ತನಿಖಾ ಶಿಫಾರಸಿನ ಎದುರು ಅದನ್ನು ಜಾರಿಗೆ ತರಬೇಕಾದ ಅಧಿಕಾರಿಯ ಹುದ್ದೆ, ಗಡುವು, ಈಗಿನ ಸ್ಥಿತಿ ಮೂರನ್ನೂ ಜನರ ಕಣ್ಣಿಗೆ ಬೀಳುವಂತೆ ಪ್ರಕಟಿಸಬೇಕು. ನಿಯಮದಿಂದ ಯಾವ ಕಂಪನಿಗೆ ವಿನಾಯಿತಿ ಕೊಟ್ಟರೂ ಕಾರಣವನ್ನೂ ಅದಕ್ಕೆ ಸಹಿ ಹಾಕಿದವರ ಹೆಸರನ್ನೂ ಅದೇ ದಿನ ಹೊರಗಿಡಬೇಕು. ಕಾರ್ಖಾನೆಗೆ ಅಧಿಭೋಗದಾರನಿರುವಂತೆ ಆಕಾಶಕ್ಕೂ ಒಬ್ಬನಿರಲಿ.

ಇದನ್ನು ಯಾರು ಕೇಳಬೇಕು? ಸಂಸತ್ತಿನ ಸಮಿತಿ ಕೇಳಿತು. ವರದಿ ಕಪಾಟಿಗೆ ಹೋಯಿತು. ಪತ್ರಿಕೆಗಳು ಎರಡು ವಾರ ಕೇಳಿ ಬೇರೆ ಸುದ್ದಿಗೆ ಹೋದವು. ಉಳಿದವರು ನಾವು. ಊರು ಬಿಟ್ಟು ಚದುರಿದ ಕುಟುಂಬಗಳಿಗೆ ವಿಮಾನ ಈಗ ಐಷಾರಾಮವಾಗಿ ಉಳಿದಿಲ್ಲ. ಹಬ್ಬಕ್ಕೆ, ಹರಿದಿನಕ್ಕೆ, ಹಿರಿಯರ ಕಾಯಿಲೆಗೆ ಅದೇ ನಮ್ಮ ಬಸ್ಸು. ಯಾವ ಪಕ್ಷದ ಪ್ರಚಾರಸಭೆಯಲ್ಲೂ ಈ ಪ್ರಶ್ನೆ ಬರುವುದಿಲ್ಲ, ಏಕೆಂದರೆ ನಾವು ಕೇಳುವುದಿಲ್ಲ. ಹೊಸ ನಿಲ್ದಾಣ ಕೊಡಿಸಿದವರಿಗೆ ಸನ್ಮಾನ ಮಾಡಿ ಹಾರ ಹಾಕುತ್ತೇವೆ. ಅಲ್ಲಿ ಇಳಿಯುವ ವಿಮಾನವನ್ನು ತಪಾಸಿಸುವವರು ಎಷ್ಟು ಜನರಿದ್ದಾರೆಂದು ವಿಚಾರಿಸುವುದಿಲ್ಲ. ಬಾರಾಮತಿಯವರು ತಮ್ಮ ಸಂಸದರನ್ನು ಕೇಳಲಿ, ಬೆಳಗಾವಿ ಕಲಬುರಗಿಯವರು ತಮ್ಮವರನ್ನು ಕೇಳಲಿ: ನಮ್ಮೂರ ತರಬೇತಿ ಶಾಲೆಯನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ, ಪರೀಕ್ಷಿಸಿದವರು ಯಾರು, ಕಂಡ ಲೋಪಗಳೇನು? ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು. ಮಕ್ಕಳನ್ನು ಆ ಶಾಲೆಗಳಿಗೆ ಸೇರಿಸುವ ಮುನ್ನ ಲಕ್ಷಗಳನ್ನು ಎಣಿಸುವ ತಂದೆತಾಯಿಯರು ಆ ಹತ್ತು ರೂಪಾಯಿಯನ್ನೂ ಎಣಿಸಿ ಕೊಡಲಿ.

ಮಂಗಳೂರಿನ 158 ಜನ ಸತ್ತು ಹದಿನೈದು ವರ್ಷಗಳಾದವು. ಕಣಿವೆಯ ಮೇಲಿನ ಆ ಕಾಂಕ್ರೀಟ್ ಕಟ್ಟೆಗೆ ಒಪ್ಪಿಗೆ ಕೊಟ್ಟವರ ಹೆಸರು ಈ ದಿನದವರೆಗೂ ಆ ಕುಟುಂಬಗಳಿಗೆ ತಿಳಿದಿಲ್ಲ. ಇಂಥ ದೇಶದಲ್ಲಿ ಮುಂದಿನ ಅಪಘಾತದ ವರದಿಯನ್ನು ಓದಲು ಕಾಯಬೇಕಾಗಿಲ್ಲ. ಅದರ ಕೊನೆಯ ಸಾಲು ಈಗಲೇ ಬರೆದಾಗಿದೆ. ತುಂಬಬೇಕಾಗಿರುವುದು ಪೈಲಟ್‌ನ ಹೆಸರೊಂದೇ.